ಪೆಟ್ಟಿಗೆ ಬಿಚ್ಚುವ ಮೊದಲು ಮಾಳಿಗೆ ಹತ್ತು

ತುಮಕೂರು
ಹೊಸತೊಡಕಿನ ದಿನ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ‘ದೊಡ್ಡಪ್ಪ, ಲ್ಯಾಪ್‌ಟಾಪಿನ ಒಳಗೇ ಸಿಮ್ ಹಾಕುವ ಮೋಡೆಮ್ ಕಾರ್ಡು ಕೂರಿಸಬಹುದಂತೆ, ನಾನೇ ಬಿಚ್ಚಿ ಕೂರಿಸಲಾ?’ ಅಂತ. ಕೂರಿಸು. ಮೊದಲ ಉತ್ತರ ಅದೇ. ಉಳಿದಿದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ನನಗೆ ಮರೆಯುತ್ತದೆ, ಇನ್ನರ್ಧ ನಿಮ್ಮೂರಿನ ಸಿಗ್ನಲ್ ನುಂಗುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಕೆಲಸಕ್ಕೆ ಕೂತಾಗ ಈ ಹಾಳೆಗಳನ್ನು ಪಕ್ಕದಲ್ಲೇ ಇಟ್ಟುಕೋ.

ನಿನ್ನ ಕಷ್ಟ ನನಗೆ ಅರ್ಥವಾಗಿದೆ. ನಿಮ್ಮಪ್ಪ ಫೋನು ಜೇಬಿಗೆ ಹಾಕಿಕೊಂಡು ತೋಟಕ್ಕೆ ಹೊರಟರೆ ಮನೆಯ ಇಂಟರ್ನೆಟ್ಟೂ ಅವನ ಹಿಂದೆಯೇ ಹೊರಟುಬಿಡುತ್ತದೆ. ನಿನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ಫೋನು ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ, ಯಾರಾದರೂ ಕರೆ ಮಾಡಿದರೆ ಕ್ಲಾಸು ತಡವರಿಸುತ್ತದೆ. ಓದುವ ಹುಡುಗಿಗೆ ತನ್ನದೇ ಒಂದು ಲೈನು ಬೇಕು. ಅದಕ್ಕೆ ದುಡ್ಡು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ದುಡ್ಡು ಎಲ್ಲಿ ಬೀಳಬೇಕೋ ಅಲ್ಲಿ ಬೀಳಲಿ ಅನ್ನುವುದೊಂದೇ ನನ್ನ ಕಾಳಜಿ.

ನಾನು ಸರ್ವೀಸಿನ ಉದ್ದಕ್ಕೂ ಟೆಲಿಫೋನ್ ಲೈನು ನೋಡಿಕೊಂಡವನು. ನಮ್ಮ ಕೆಲಸದಲ್ಲಿ ಒಂದು ಕ್ರಮವಿತ್ತು. ಫೋನು ಸತ್ತಿದೆ ಅಂತ ದೂರು ಬಂದರೆ ಯಾರೂ ಮೊದಲು ಫೋನು ಬಿಚ್ಚುತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಎಲ್ಲ ಲೈನುಗಳೂ ಬಂದು ಸೇರುವ ಎಂಡಿಎಫ್ ಚೌಕಟ್ಟಿನಲ್ಲಿ ಲೈನು ಸರಿಯಿದೆಯೇ, ರಸ್ತೆ ಬದಿಯ ಪಿಲ್ಲರ್‌ವರೆಗೆ ಬಂದಿದೆಯೇ, ಮನೆಗಳಿಗೆ ಲೈನು ಹಂಚುವ ಡಿಪಿ ಪೆಟ್ಟಿಗೆಯಲ್ಲಿ ಸಿಗುತ್ತಿದೆಯೇ, ಡ್ರಾಪ್ ವೈರ್ ಎಲ್ಲಾದರೂ ಉಜ್ಜಿಹೋಗಿದೆಯೇ, ಗೋಡೆಯ ರೋಸೆಟ್‌ನಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಅಂತ ಒಂದೊಂದೇ ನೋಡಿಕೊಂಡು ಹೊರಗಿನಿಂದ ಒಳಗೆ ಬರುವುದು. ಫೋನಿನ ಸರದಿ ಕೊನೆಗೆ. ಬ್ರಾಡ್‌ಬ್ಯಾಂಡ್ ಬಂದ ಮೇಲೂ ಕ್ರಮ ಅದೇ ಇತ್ತು. ಈಗ ನೀನು ಮಾಡಹೊರಟ ಕೆಲಸಕ್ಕೂ ಅದೇ.

ಗುಬ್ಬಿಯ ಒಂದು ಸಂಗತಿ ಹೇಳುತ್ತೇನೆ. ಪೇಟೆಯ ಒಬ್ಬ ಅಡಿಕೆ ವ್ಯಾಪಾರಿಯ ಮನೆ. ಆಗಿನ್ನೂ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡಿನ ಕಾಲ. ಇಂಟರ್ನೆಟ್ ಇದ್ದಕ್ಕಿದ್ದ ಹಾಗೆ ಕಡಿದುಹೋಗುತ್ತದೆ, ಮೋಡೆಮ್ಮಿನ ಡಿಎಸ್ಎಲ್ ದೀಪ ಮಿಣುಕುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಆತ ಹೊಸ ಮೋಡೆಮ್ ತಂದ. ಸರಿಹೋಗಲಿಲ್ಲ. ಯಾರೋ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರು, ಲೆಕ್ಕದ ಫೈಲುಗಳೆಲ್ಲ ಹೋದವು. ಆಗಲೂ ಸರಿಹೋಗಲಿಲ್ಲ. ನಾನು ಹೋದವನು ಕಂಪ್ಯೂಟರಿನ ಮುಂದೆ ಕೂರದೆ ತಂತಿಯ ಜಾಡು ಹಿಡಿದು ಮನೆಯೊಳಗೆಲ್ಲ ನಡೆದೆ. ಲೈನು ಮನೆ ಹೊಕ್ಕ ಕಡೆಯಿಂದಲೇ ಒಂದು ಕವಲು ಮಹಡಿಗೆ ಹೋಗಿತ್ತು, ಅಲ್ಲಿ ವಯಸ್ಸಾದ ತಾಯಿಯ ಮಂಚದ ಪಕ್ಕ ಇನ್ನೊಂದು ಫೋನು. ಸ್ಪ್ಲಿಟರ್ ಇದ್ದದ್ದು ಕೆಳಗೆ, ಆ ಕವಲು ಒಡೆದ ನಂತರ. ಮೇಲಿನ ಫೋನಿಗೆ ಕರೆ ಬಂದಾಗಲೆಲ್ಲ, ಆ ತಾಯಿ ರಿಸೀವರ್ ಎತ್ತಿದಾಗಲೆಲ್ಲ ಕೆಳಗಿನ ಇಂಟರ್ನೆಟ್ ಬೀಳುತ್ತಿತ್ತು. ಸ್ಪ್ಲಿಟರನ್ನು ಲೈನು ಒಳಬರುವ ಜಾಗದಲ್ಲೇ ಕೂರಿಸಿ, ಎರಡೂ ಫೋನಿಗೆ ಅದರ ಫೋನ್ ಕಡೆಯಿಂದ ತಂತಿ ಕೊಟ್ಟೆ. ಅಲ್ಲಿಗೆ ಮುಗಿಯಿತು. ಹೊಸ ಮೋಡೆಮ್ಮಿನ ದುಡ್ಡೂ, ಹೋದ ಲೆಕ್ಕವೂ ಮಾತ್ರ ವಾಪಸು ಬರಲಿಲ್ಲ.

ಹೀಗೇಕೆ ಆಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್ ಓದುವ ನಿನಗೆ ಗೊತ್ತಿರಬೇಕು. ಒಂದೇ ಜೋಡಿ ತಂತಿಯಲ್ಲಿ ಮಾತು 4 ಕಿಲೋಹರ್ಟ್ಸ್‌ನ ಕೆಳಗೆ ಹರಿಯುತ್ತದೆ. ಎಡಿಎಸ್ಎಲ್ ಸುಮಾರು 26 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ 1.1 ಮೆಗಾಹರ್ಟ್ಸ್‌ವರೆಗೆ, ಎಡಿಎಸ್ಎಲ್2+ ಆದರೆ 2.2 ಮೆಗಾಹರ್ಟ್ಸ್‌ವರೆಗೆ. ಇವೆರಡನ್ನೂ ಬೇರೆ ಮಾಡುವುದು ಸ್ಪ್ಲಿಟರ್. ತಂತಿ ಉದ್ದವಾದಷ್ಟೂ ಮೇಲಿನ ಫ್ರೀಕ್ವೆನ್ಸಿಗಳು ಮೊದಲು ಸಾಯುತ್ತವೆ. ಎಕ್ಸ್‌ಚೇಂಜಿನ ಪಕ್ಕದ ಬೀದಿಯಲ್ಲಿ ಓಡುವ ಬ್ರಾಡ್‌ಬ್ಯಾಂಡ್ ಐದು ಕಿಲೋಮೀಟರ್ ಆಚೆ ತೆವಳುವುದು ಅದಕ್ಕೇ. ಅಷ್ಟು ದೂರದ ಮನೆಯಲ್ಲಿ ಎಷ್ಟೇ ಒಳ್ಳೆಯ ಮೋಡೆಮ್ ಇಟ್ಟರೂ ತಂತಿಯೇನೂ ಗಿಡ್ಡವಾಗುವುದಿಲ್ಲ.

ಕಂಪ್ಯೂಟರಿನ ಒಳಗೇ ಕೂರುವ ಮೋಡೆಮ್ ಹೊಸದಲ್ಲ ಕಣಮ್ಮ. 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ದೇಶದ ಜನರಿಗೆ ಇಂಟರ್ನೆಟ್ ತೆರೆಯಿತು. ಆ ಡಯಲ್-ಅಪ್ ಕಾಲದಲ್ಲಿ ‘ಇಂಟರ್ನಲ್ ಮೋಡೆಮ್’ ಅಂದರೆ ಮದರ್‌ಬೋರ್ಡಿನ ಬಿಳಿ ಪಿಸಿಐ ಸ್ಲಾಟಿಗೆ ಸಿಕ್ಕಿಸುವ 56 ಕೆ ಕಾರ್ಡು. ಅಗ್ಗದ ಕಾರ್ಡುಗಳಲ್ಲಿ ಮೋಡೆಮ್ಮಿನ ಬಹುಪಾಲು ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕಿತ್ತು. ವಿಂಡೋಸ್ ಡ್ರೈವರ್ ಇಲ್ಲದಿದ್ದರೆ ಅದು ಬರೀ ತಗಡು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ಟನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಶುರುವಾಯಿತು. ಪಿಸಿಐ ಸ್ಲಾಟಿಗೆ ಕೂರುವ ಎಡಿಎಸ್ಎಲ್ ಕಾರ್ಡುಗಳೂ ಇದ್ದವು, ಆದರೆ ನಮ್ಮ ಕಡೆ ಗೆದ್ದದ್ದು ಮೇಜಿನ ಮೇಲೆ ದೀಪ ಮಿನುಗಿಸುತ್ತಾ ಕೂರುವ ಹೊರಗಿನ ಪೆಟ್ಟಿಗೆಯೇ. ಅದರೊಳಗೆ ಹಾಕಬೇಕಿದ್ದ ವಿಪಿಐ 0, ವಿಸಿಐ 35 ನನಗೆ ಇವತ್ತಿಗೂ ಬಾಯಿಪಾಠ. ಆ ಎರಡು ಅಂಕಿ ತಪ್ಪಿದರೆ ಡಿಎಸ್ಎಲ್ ದೀಪ ಸ್ಥಿರವಾಗಿ ಉರಿಯುತ್ತಿದ್ದರೂ ಒಂದು ಪುಟವೂ ತೆರೆಯುತ್ತಿರಲಿಲ್ಲ. ಲೈನು ಸರಿಯಿರುವುದು ಬೇರೆ, ಆ ಲೈನಿನ ಮೇಲೆ ಕಂಪನಿಯ ಬಾಗಿಲು ತೆರೆಯುವುದು ಬೇರೆ. ನಿನ್ನ ಕಾರ್ಡಿನಲ್ಲೂ ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಈಗ ನಿನ್ನ ಕೆಲಸಕ್ಕೆ ಬರೋಣ. ಮೊದಲು ಸ್ಕ್ರೂ ಡ್ರೈವರ್ ಕೆಳಗಿಡು, ಫೋನು ಹಿಡಿದುಕೊಂಡು ಮಾಳಿಗೆ ಹತ್ತು.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಎಷ್ಟು ಡಿಬಿಎಂ ಎಂದು ಸಿಗುತ್ತದೆ. ಮೈನಸ್ ಅಂಕಿ ಅದು. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಇದ್ದರೆ ನಿಶ್ಚಿಂತೆ, ಮೈನಸ್ 100 ದಾಟಿದರೆ ಸಾಧಾರಣ, ಮೈನಸ್ 115ರ ಆಚೆ ಹೋದರೆ ಕ್ಲಾಸು ಕೇಳುವ ಆಸೆ ಬಿಡಬೇಕು. ಹತ್ತು ಡೆಸಿಬೆಲ್ ಅಂದರೆ ಹತ್ತು ಪಟ್ಟು ಅನ್ನುವುದನ್ನು ಮರೆಯಬೇಡ. ನೀನು ಓದುವ ಕೋಣೆಯಲ್ಲಿ, ಕಿಟಕಿಯ ಹತ್ತಿರ, ಜಗಲಿಯಲ್ಲಿ, ಮಾಳಿಗೆಯ ನಾಲ್ಕು ಮೂಲೆಗಳಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೋ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟದ ಹೊತ್ತಿನಲ್ಲಿ ಒಮ್ಮೆ. ಮನೆಯಲ್ಲಿ ಯಾವ ಯಾವ ಕಂಪನಿಯ ಸಿಮ್ ಇದೆಯೋ ಎಲ್ಲದರಲ್ಲೂ ನೋಡು. ಯಾವ ಬ್ಯಾಂಡು ಹಿಡಿದಿದೆ ಅಂತ ತೋರಿಸುವ ಉಚಿತ ಆ್ಯಪ್‌ಗಳೂ ಇವೆ. ಅದನ್ನೂ ಬರೆದುಕೋ, ಮುಂದೆ ಬೇಕಾಗುತ್ತದೆ.

ನಿಮ್ಮ ಹುಲಿಯೂರುದುರ್ಗದ ಕಡೆ ಬೆಟ್ಟಗುಡ್ಡ ಹೆಚ್ಚು. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕ ಕೂತವರಿಗೆ ಈ ಚಿಂತೆ ಇಲ್ಲ. ನಿಮಗೆ ಟವರಿಗೂ ಮನೆಗೂ ನಡುವೆ ಒಂದು ಬಂಡೆ ಬಂದರೂ ಸಾಕು, ಸಿಗ್ನಲ್ ಇಳಿದುಬಿಡುತ್ತದೆ. ಅಂಥ ಕಡೆ ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡುಗಳೇ ಆಪದ್ಬಾಂಧವರು. 700, 850, 900 ಮೆಗಾಹರ್ಟ್ಸ್ ದೂರ ಹೋಗುತ್ತವೆ, ಗೋಡೆಯನ್ನೂ ಅಷ್ಟಿಷ್ಟು ತೂರುತ್ತವೆ. 2300 ವೇಗ ಕೊಡುತ್ತದೆ, ಆದರೆ ಟವರು ಹತ್ತಿರವಿರಬೇಕು.

ಇಷ್ಟು ಬರೆದುಕೊಂಡ ಮೇಲೆ ಪ್ರಾಮಾಣಿಕವಾಗಿ ನೋಡು. ಕೋಣೆಯಲ್ಲಿ ಮೈನಸ್ 118 ಇದ್ದು ಮಾಳಿಗೆಯಲ್ಲಿ ಮೈನಸ್ 95 ಇದ್ದರೆ ಒಳಗಿನ ಕಾರ್ಡು ನಿನಗೆ ಬೇಡ. ಅದು ಕೂರುವುದು ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪು ಇರುವುದು ಕೋಣೆಯಲ್ಲಿ. ಅದರ ಆಂಟೆನಾ ಫೋನಿನದಕ್ಕಿಂತ ಅಷ್ಟೇನೂ ಜಾಣವಲ್ಲ. ಆಗ ಹೊರ ಆಂಟೆನಾ ಸಿಕ್ಕಿಸಬಹುದಾದ 4ಜಿ ರೂಟರ್ ತಗೊಂಡು, ಆಂಟೆನಾ ಮಾಳಿಗೆಯಲ್ಲಿಟ್ಟು ಕೇಬಲ್ ಒಳಗೆ ತರುವುದೇ ಸರಿ. ಕೇಬಲ್ ಗಿಡ್ಡವಾಗಿರಲಿ, ಉದ್ದವಾದರೆ ಗಳಿಸಿದ್ದೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಸಿಗ್ನಲ್ ಚೆನ್ನಾಗಿದ್ದೂ ರಾತ್ರಿ ಮಾತ್ರ ನಿಧಾನವಾಗುತ್ತಿದ್ದರೆ ಟವರಿನ ಮೇಲೆ ಜನ ಹೆಚ್ಚಾಗಿದ್ದಾರೆ ಅಂತ ಅರ್ಥ, ಅದಕ್ಕೆ ಯಾವ ಕಾರ್ಡೂ ಮದ್ದಲ್ಲ. ಊರಿಗೆ ಫೈಬರ್ ಬಂದಿದ್ದರೆ ಇನ್ನೊಂದು ಮಾತೇ ಇಲ್ಲ, ಅದನ್ನೇ ಹಾಕಿಸು. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆದಿದ್ದಾರೆ. ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ಬಾ ಅಂತ ಅಪ್ಪನಿಗೆ ಹೇಳು.

ಕೋಣೆಯಲ್ಲೇ ಸಿಗ್ನಲ್ ಚೆನ್ನಾಗಿದೆ ಅಂತ ಇಟ್ಟುಕೋ. ಮುಂದಿನ ಪ್ರಶ್ನೆ ಲ್ಯಾಪ್‌ಟಾಪಿನದು. ನಿನ್ನದು ಕಚೇರಿಯವರು ಬಳಸಿ ಬಿಟ್ಟ ಹಳೆಯ ಮಾಡೆಲ್ ಅಂದೆ. ಅಂಥವುಗಳಲ್ಲಿ ಈ ಕಾರ್ಡಿಗೆ ಜಾಗ ಇರುವ ಸಂಭವ ಹೆಚ್ಚು. ಆದರೆ ಸ್ಲಾಟು ಇದ್ದರೆ ಸಾಲದು. ಸ್ಕ್ರೀನಿನ ಚೌಕಟ್ಟಿನೊಳಗೆ ಆಂಟೆನಾ ಹಾಕಿರಬೇಕು, ಅದರ ಎರಡು ತೆಳು ತಂತಿಗಳು ಸ್ಲಾಟಿನ ಹತ್ತಿರ ಬಂದು ಕಾದಿರಬೇಕು, ಸಿಮ್ ತೂರಿಸುವ ಕಿಂಡಿ ಇರಬೇಕು. ಒಂದೇ ಮಾಡೆಲ್ಲಿನಲ್ಲಿ ಕೆಲವಕ್ಕೆ ಆಂಟೆನಾ ಹಾಕಿರುತ್ತಾರೆ, ಕೆಲವಕ್ಕೆ ಇಲ್ಲ. ಕಂಪನಿಯ ಸರ್ವೀಸ್ ಮ್ಯಾನುಯಲ್ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಬಿಚ್ಚುವ ಮುಂಚೆ ಓದು. ಆಂಟೆನಾ ಇಲ್ಲದಿದ್ದರೆ ಇಲ್ಲಿಗೇ ಬಿಡು. ಸ್ಕ್ರೀನು ಬಿಚ್ಚಿ ಆಂಟೆನಾ ಅಂಟಿಸುವ ಸಾಹಸ ಬೇಡ.

ಸ್ಲಾಟನ್ನು ಎಂ.2 ಅನ್ನುತ್ತಾರೆ. ಎಸ್‌ಎಸ್‌ಡಿಯದೂ ಎಂ.2, ವೈಫೈದೂ ಎಂ.2, ಆದರೆ ಕಚ್ಚು ಇರುವ ಜಾಗ ಬೇರೆ ಬೇರೆ. ಮೋಡೆಮ್ ಕಾರ್ಡಿನದು ‘ಬಿ’ ಕಚ್ಚು, ಅಳತೆ 30ಕ್ಕೆ 42 ಮಿಲಿಮೀಟರ್. ಕೂರದ್ದನ್ನು ಅದುಮಿ ಕೂರಿಸಲು ಹೋಗಬಾರದು.

ಕಾರ್ಡು ಆರಿಸುವಾಗ ನಿನ್ನ ನೋಟ್‌ಬುಕ್ ತೆಗೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಉದಾಹರಣೆಗೆ ಸಿಯೆರಾ ವೈರ್‌ಲೆಸ್ಸಿನ ಇಎಂ7455 ಮತ್ತು ಇಎಂ7430 ಅಂತ ಎರಡು ಕಾರ್ಡುಗಳಿವೆ. ಪಕ್ಕಪಕ್ಕ ಇಟ್ಟರೆ ಅವಳಿಜವಳಿ. 7455 ಅಮೆರಿಕ, ಯುರೋಪಿಗೆಂದು ಮಾಡಿದ್ದು, ಅದರಲ್ಲಿ 2300ರ ಬ್ಯಾಂಡ್ 40 ಇಲ್ಲ, ಬ್ಯಾಂಡ್ 28 ಕೂಡ ಇಲ್ಲ. 7430 ಏಷ್ಯಾದ ಕಡೆಗೆ ಮಾಡಿದ್ದು, ಎರಡೂ ಇವೆ. ಜಿಯೊದ 4ಜಿ ನಡೆಯುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಬೇಕು, ಜೊತೆಗೆ 2100ರ ಬ್ಯಾಂಡ್ 1. ನಿಮ್ಮೂರಿನಲ್ಲಿ ನಿನ್ನ ಫೋನು ಹಿಡಿದದ್ದು 28 ಆಗಿದ್ದು, ಅಂಗಡಿಯವನು 7455 ಕೊಟ್ಟುಬಿಟ್ಟರೆ, ಕಾರ್ಡು ಚೆನ್ನಾಗಿಯೇ ಇರುತ್ತದೆ, ಲ್ಯಾಪ್‌ಟಾಪೂ ಚೆನ್ನಾಗಿರುತ್ತದೆ, ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ. ಹಾಳೆಯ ಮೇಲೆ ಬ್ಯಾಂಡು ತಾಳೆ ನೋಡುವುದಕ್ಕೆ ಐದು ನಿಮಿಷ ಸಾಕು.

ಬಿಎಸ್‌ಎನ್‌ಎಲ್ 4ಜಿಯ ಮಾತು ಬಂತಲ್ಲ, ಒಂದು ಸಂತೋಷದ ಸಂಗತಿ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಣೆಯಾದ ಆ ಜಾಲ ನಮ್ಮವರೇ ಕಟ್ಟಿದ್ದು. ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದು, ಒಳಗಿನ ಕೋರ್ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಟ್‌ದು. ಇದೇ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅದು ಹಳ್ಳಿಗಳಿಗೆಂದು ಮಾಡಿದ 128 ಪೋರ್ಟಿನ ಚಿಕ್ಕ ಎಕ್ಸ್‌ಚೇಂಜ್ ಮೊದಲು ಕೆಲಸ ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎ.ಸಿ. ಬೇಡದೆ, ಧೂಳು-ಸೆಕೆ ತಡೆದುಕೊಂಡು ನಡೆಯುತ್ತಿದ್ದ ಯಂತ್ರ ಅದು. ಅಂಥ ಎಕ್ಸ್‌ಚೇಂಜುಗಳ ಲೈನು ನೋಡಿಕೊಂಡೇ ನಾನು ಈ ಕೆಲಸ ಕಲಿತದ್ದು. ಈಗ ಅದೇ ಸಂಸ್ಥೆಯ ಕೋರ್ ಮೂಲಕ ನನ್ನ ತಮ್ಮನ ಮಗಳು ಪಾಠ ಕೇಳುವಂತಾದರೆ ನನಗೆಷ್ಟು ಹಿಗ್ಗು ಅನ್ನುವುದನ್ನು ಬರೆದು ಹೇಳಲಾರೆ.

ಬ್ಯಾಂಡಿನ ಜೊತೆ ಇನ್ನೆರಡು ವಿಷಯ ನೋಡಿಕೋ. ಕೆಲವು ಕಂಪನಿಗಳ ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ ಮಷಿನ್ನು ಆನ್ ಆಗುವುದನ್ನೇ ನಿಲ್ಲಿಸಿ ತಕರಾರಿನ ಸಂದೇಶ ತೋರಿಸುತ್ತದೆ. ನಿನ್ನ ಮಾಡೆಲ್ಲಿಗೆ ಕಂಪನಿ ಒಪ್ಪಿದ ಕಾರ್ಡಿನ ಪಾರ್ಟ್ ನಂಬರನ್ನು ಮ್ಯಾನುಯಲ್ಲಿನಲ್ಲಿ ಹುಡುಕಿ ಅದನ್ನೇ ಕೇಳು. ಎರಡನೆಯದು ಐಎಂಇಐ. ಫೋನಿಗಿದ್ದ ಹಾಗೆ ಕಾರ್ಡಿಗೂ 15 ಅಂಕಿಯ ಐಎಂಇಐ ಇದೆ, ಸ್ಟಿಕ್ಕರಿನ ಮೇಲೆ ಅಚ್ಚಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸು. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕಳವಿನದು, ನಿರ್ಬಂಧ ಹೇರಿದ್ದು ಎಂದು ಬಂದರೆ ಅದು ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡ. ಐಎಂಇಐ ಬದಲಿಸಿ ಕೊಡುತ್ತೇನೆ ಅನ್ನುವವನ ಅಂಗಡಿಯ ಮೆಟ್ಟಿಲನ್ನೂ ತುಳಿಯಬೇಡ, ಅದು ಅಪರಾಧ.

ಕೂರಿಸುವ ಕೆಲಸ ಇದ್ದದ್ದರಲ್ಲಿ ಸುಲಭ. ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿಡದೆ ಪೂರ್ತಿ ಶಟ್‌ಡೌನ್ ಮಾಡು, ಚಾರ್ಜರ್ ಕಿತ್ತಿಡು. ಒಳಗಿನ ಬ್ಯಾಟರಿಯನ್ನು ಬಯಾಸ್‌ನಿಂದಲೇ ನಿಲ್ಲಿಸುವ ಅನುಕೂಲ ಕೆಲವದರಲ್ಲಿದೆ. ಇಲ್ಲದಿದ್ದರೆ ಹಿಂಭಾಗ ತೆರೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸು. ನೈಲಾನ್ ಬಟ್ಟೆ ಉಟ್ಟು, ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತು ಮಾಡಬೇಡ. ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ನಿನಗೆ ಚುರುಕ್ ಅನ್ನದಿದ್ದರೂ ಚಿಪ್ಪನ್ನು ಸುಡಬಹುದು. ಆಗಾಗ ಕಬ್ಬಿಣದ ಕಿಟಕಿ ಸರಳು ಮುಟ್ಟು. ತೆಗೆದ ಸ್ಕ್ರೂಗಳನ್ನು ಯಾವ ತೂತಿನದು ಎಲ್ಲಿ ಅಂತ ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಅಂಟಿಸಿಡು. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡಿನ ಕಡೆ ಚುಚ್ಚುತ್ತದೆ.

ಕಾರ್ಡನ್ನು ಓರೆಯಾಗಿ ತೂರಿಸಿ, ಕೆಳಗೆ ಬಾಗಿಸಿ, ಒಂದೇ ಸ್ಕ್ರೂವಿನಿಂದ ಹಿಡಿಸಬೇಕು. ನಿಜವಾದ ಸೂಕ್ಷ್ಮ ಇರುವುದು ಆಂಟೆನಾ ತಂತಿಯಲ್ಲಿ. ಅದರ ತುದಿಯ ಲೋಹದ ಗುಂಡಿ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಮೇನ್ ಎಂದು ಬರೆದ ಕಡೆ ಮೇನ್, ಆಕ್ಸ್ ಎಂದು ಬರೆದ ಕಡೆ ಇನ್ನೊಂದು. ಗುಂಡಿಯನ್ನು ನೇರವಾಗಿ ಮೇಲಿಟ್ಟು, ಉಗುರಿನಿಂದ ಅಲ್ಲಾಡಿಸಿ ನಡುವಿಗೆ ಬಂದಿದೆ ಅಂತ ಖಾತ್ರಿಯಾದ ಮೇಲೆ ಬೆರಳ ತುದಿಯಿಂದ ಒತ್ತು. ‘ಟಿಕ್’ ಅನ್ನುತ್ತದೆ. ಓರೆಯಾಗಿ ಒತ್ತಿದರೆ ಒಳಗಿನ ಪಿನ್ನು ಮಡಚಿಕೊಳ್ಳುತ್ತದೆ. ಹಾಕಿ ತೆಗೆದು, ಹಾಕಿ ತೆಗೆದು ಆಟವಾಡಬೇಡ, ಆ ಗುಂಡಿಗಳನ್ನು ಮಾಡಿರುವುದೇ ಸುಮಾರು ಮೂವತ್ತು ಸಲಕ್ಕೆ. ವೈಫೈಯ ತಂತಿಗಳನ್ನು ತಪ್ಪಿ ಇದಕ್ಕೆ ಹಾಕಬೇಡ. ಆಂಟೆನಾ ಸಿಕ್ಕಿಸದೆ ಆನ್ ಮಾಡಬೇಡ.

ಮುಚ್ಚಿದ ಮೇಲೆ ಸಿಮ್ ಹಾಕಿ ಆನ್ ಮಾಡು. ವಿಂಡೋಸ್ 8ರಿಂದ ಈಚೆಗೆ ಈ ಕಾರ್ಡುಗಳ ಸಾಮಾನ್ಯ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಕಂಪನಿಯ ಡ್ರೈವರ್ ಇದ್ದರೆ ಅದನ್ನೇ ಹಾಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ‘ಸೆಲ್ಯುಲರ್’ ಅಂತ ಹೊಸದಾಗಿ ಕಾಣಿಸಿತೆಂದರೆ ಕಾರ್ಡು ಸಿಕ್ಕಿತು. ಅದರೊಳಗೆ ಕಂಪನಿಯ ಹೆಸರು, ಸಿಗ್ನಲ್ ಕಡ್ಡಿ ಬಂದರೆ ಲೈನು ಸಿಕ್ಕಿತು. ಇಷ್ಟಾದರೂ ಪುಟ ತೆರೆಯದಿದ್ದರೆ ತಪ್ಪು ಹೆಚ್ಚಾಗಿ ಇರುವುದು ಎಪಿಎನ್‌ನಲ್ಲಿ, ಅಂದರೆ ಕಂಪನಿಯ ಬಾಗಿಲಿನ ಹೆಸರಿನಲ್ಲಿ. ಜಿಯೊಗೆ ಜಿಯೊನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆ. ನಮ್ಮ ಕಾಲದ 0 ಮತ್ತು 35 ಮಾಡುತ್ತಿದ್ದ ಕೆಲಸಕ್ಕೆ ಈಗ ಇದು. ಐಪಿ ಬಗೆ ಕೇಳಿದರೆ ವಿ4 ಮತ್ತು ವಿ6 ಎರಡೂ ಇರಲಿ. ಲಿನಕ್ಸ್ ಹಾಕಿಕೊಂಡಿದ್ದರೆ ಮೋಡೆಮ್ ಮ್ಯಾನೇಜರ್ ಇದನ್ನೆಲ್ಲ ನೋಡಿಕೊಳ್ಳುತ್ತದೆ, ಆದರೆ ಕೆಲವು ಲ್ಯಾಪ್‌ಟಾಪ್ ಕಂಪನಿಗಳ ಕಾರ್ಡಿಗೆ ಒಂದು ಬೀಗ ಇರುತ್ತದೆ, ಅದನ್ನು ತೆರೆಯುವ ಸ್ಕ್ರಿಪ್ಟನ್ನು ನೀನೇ ಸಕ್ರಿಯಗೊಳಿಸಬೇಕು. ಅದು ಬಂದಾಗ ನನಗೆ ಫೋನು ಮಾಡು, ಕೂತು ಮಾಡೋಣ.

ಸಂಪರ್ಕ ಸಿಕ್ಕ ಸಂತೋಷದಲ್ಲಿ ಒಂದನ್ನು ಮರೆಯಬೇಡ. ಆ ಸೆಲ್ಯುಲರ್ ಸಂಪರ್ಕವನ್ನು ‘ಮೀಟರ್ಡ್’ ಎಂದೇ ಇಡು. ಇಲ್ಲದಿದ್ದರೆ ದಿನದ ಡೇಟಾವನ್ನೆಲ್ಲ ವಿಂಡೋಸ್ ಅಪ್‌ಡೇಟ್ ಬೆಳಿಗ್ಗೆಯೇ ಉಂಡುಬಿಡುತ್ತದೆ, ಸಂಜೆ ಕ್ಲಾಸಿಗೆ ನೀನು ಉಪವಾಸ. ರೂಟರ್ ಮತ್ತು ಹೊರ ಆಂಟೆನಾದ ದಾರಿಯೇ ಆಯಿತು ಅನ್ನು, ಆಗ ಮುಂಗಾರಿನ ಮುಂಚಿನ ಗುಡುಗು-ಸಿಡಿಲಿಗೆ ಹೆದರು. ಚೈತ್ರ-ವೈಶಾಖದ ಸಂಜೆ ಮೋಡ ಕಪ್ಪಿಟ್ಟಿತೆಂದರೆ ಆಂಟೆನಾ ಕೇಬಲ್ಲೂ ಪವರ್ ಪ್ಲಗ್ಗೂ ಎರಡನ್ನೂ ಕಿತ್ತಿಡು. ಸಿಡಿಲಿಗೆ ಸುಟ್ಟ ಮೋಡೆಮ್‌ಗಳನ್ನು ಕುಣಿಗಲ್ ಕಡೆಯ ಮನೆಗಳಲ್ಲಿ ಕೈಯಾರೆ ಕಳಚಿದ್ದೇನೆ. ಸ್ವಿಚ್ ಆಫ್ ಮಾಡಿದ್ದೆವು ಸ್ವಾಮಿ ಅನ್ನುತ್ತಿದ್ದರು. ಸ್ವಿಚ್ಚಿನೊಳಗಿನ ಚಿಕ್ಕ ಸಂದು ಸಿಡಿಲಿಗೆ ಯಾವ ಲೆಕ್ಕ?

ಕಾರ್ಡು ಈಗಲೇ ಆನ್‌ಲೈನಿನಲ್ಲಿ ತರಿಸಬೇಡ. ಮೊದಲು ನೋಟ್‌ಬುಕ್ಕಿನ ಆ ಪುಟದ ಫೋಟೊ, ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರಿನ ಫೋಟೊ ಎರಡನ್ನೂ ವಾಟ್ಸ್ಆ್ಯಪಿನಲ್ಲಿ ಕಳಿಸು. ಕಾರ್ಡೇ ಸರಿ ಅಂತ ತೀರ್ಮಾನವಾದರೆ ಮುಂದಿನ ವಾರ ನಾನು ಬೆಂಗಳೂರಿಗೆ ಹೋಗುವುದಿದೆ, ಎಸ್.ಪಿ. ರಸ್ತೆಯಲ್ಲಿ ಐಎಂಇಐ ನೋಡಿ ತರುತ್ತೇನೆ. ನೀನು ಕುಣಿಗಲ್ಲಿನಿಂದ ಬಸ್ಸು ಹತ್ತಿ ಬಾ, ನಮ್ಮ ಮನೆಯ ಮೇಜಿನ ಮೇಲೆ ನೀನೇ ಬಿಚ್ಚಿ ನೀನೇ ಕೂರಿಸು. ನಾನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯುತ್ತೇನೆ, ಕೈ ಹಾಕುವುದಿಲ್ಲ. ದೊಡ್ಡಮ್ಮ ನಿನಗೆ ಅಂತ ಎರಡು ಒಬ್ಬಟ್ಟು ಎತ್ತಿಟ್ಟಿದ್ದಾಳೆ, ಕೆಡುವ ಮುಂಚೆ ಬಾ ಅಂತ ಹೇಳಲು ಹೇಳಿದಳು. ಅಪ್ಪ ಅಮ್ಮನಿಗೆ ನಮ್ಮ ನೆನಪುಗಳನ್ನು ತಿಳಿಸು.

ಇತಿ,
ನಿನ್ನ ದೊಡ್ಡಪ್ಪ